ಎಳೆಯುವ ಬಲ, ಹೊರುವ ಬಲ

ಅಮೆರಿಕದ ಡೆನ್ವರ್ ನಗರದಲ್ಲಿ ನೆಲೆಸಿರುವ ಮಗನ ಮನೆಗೆ ಕಳೆದ ವರ್ಷದ ಬೇಸಿಗೆಯಲ್ಲಿ ಹೋದಾಗ ಅವನ ಅಂಗಳದಲ್ಲಿ ಎರಡು ಹೊಸ ಆಸ್ತಿಗಳಿದ್ದವು. ಒಂದು, ಮಧ್ಯಮ ಗಾತ್ರದ ಪಿಕಪ್ ಟ್ರಕ್ಕು. ಇನ್ನೊಂದು, ಅದರ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಪ್ರವಾಸಿ ಟ್ರೈಲರ್. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಇರುವ, ಗಾಲಿಗಳ ಮೇಲಿನ ಒಂದಂಕಣದ ಮನೆ ಅದು. ‘ಈ ಟ್ರಕ್ಕು 2,900 ಕಿಲೊ ಎಳೆಯುತ್ತದಪ್ಪಾ. ಟ್ರೈಲರ್ ಇರುವುದು ಬರೀ 1,450 ಕಿಲೊ’ ಎಂದು ಮಗ ಹೆಮ್ಮೆಯಿಂದ ಹೇಳಿದ. ಅರ್ಧಕ್ಕೆ ಅರ್ಧ ಬಲ ಉಳಿಯುತ್ತದೆ ಎಂಬ ಲೆಕ್ಕ. ಅಂಥ ಲೆಕ್ಕವನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ, ನಾನು ಮತ್ತು ನನ್ನ ಹೆಂಡತಿ ರಾಕಿ ಪರ್ವತಗಳತ್ತ ಹೊರಟೆವು. ಡೆನ್ವರಿನಿಂದ ಪಶ್ಚಿಮಕ್ಕೆ ಸಾಗುವ 70ನೇ ಅಂತರರಾಜ್ಯ ಹೆದ್ದಾರಿ 11,000 ಅಡಿಗೂ ಹೆಚ್ಚಿನ ಎತ್ತರದಲ್ಲಿ ಐಸನ್‌ಹೋವರ್ ಸುರಂಗವನ್ನು ಹೊಕ್ಕು ಹೊರಬರುತ್ತದೆ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನು ಮೂರನೆಯ ಒಂದು ಭಾಗದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟ್ರಕ್ಕು ಏದುಸಿರು ಬಿಡುತ್ತ ಏರಿತು. ಏರುವಾಗ ಅಪಾಯವೇನೂ ಇರಲಿಲ್ಲ, ತಡವಾಗುತ್ತಿತ್ತು, ಅಷ್ಟೆ. ಅಪಾಯವಿದ್ದದ್ದು ಸುರಂಗದಾಚೆಯ ಇಳಿಜಾರಿನಲ್ಲಿ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ಜಲ್ಲಿ ತುಂಬಿದ ಏರುಹಾದಿಗಳನ್ನು ಅಲ್ಲಿ ರಸ್ತೆಯ ಪಕ್ಕದಲ್ಲಿ ನಿರ್ಮಿಸಿದ್ದಾರೆ.

ಆ ಇಳಿಜಾರಿನಲ್ಲಿ ಭಾರೀ ಲಾರಿಯೊಂದು ನಮ್ಮನ್ನು ಹಿಂದಿಕ್ಕಿ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ನಮ್ಮ ಟ್ರೈಲರ್ ಒಮ್ಮೆ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ. ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಟ್ರಕ್ಕಿನ ಹಿಂಭಾಗವನ್ನೇ ಎಳೆದಾಡತೊಡಗಿತು. ಅದೃಷ್ಟಕ್ಕೆ ಮಗ ಟ್ರಕ್ಕಿನ ಬ್ರೇಕು ತುಳಿಯಲಿಲ್ಲ. ಹಾಗೆ ತುಳಿದರೆ ಹಿಂದಿನ ಭಾರ ಮುಂದಕ್ಕೆ ತಳ್ಳಿ ವಾಹನ ಅಡ್ಡಲಾಗಿ ಮಡಚಿಕೊಳ್ಳುವ ಸಂಭವವೇ ಹೆಚ್ಚು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೈಲರಿನ ಬ್ರೇಕನ್ನು ಮಾತ್ರ ಒತ್ತುವ ಪ್ರತ್ಯೇಕ ಸನ್ನೆಯನ್ನು ಅದುಮಿದ. ಓಲಾಟ ನಿಂತಿತು. ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಕುಳಿತಿದ್ದ ಮೊಮ್ಮಗ ನನ್ನ ಕೈ ಹಿಡಿದಿದ್ದ ಬಿಗಿ ಇಂದಿಗೂ ನೆನಪಿದೆ.

ನಾನು ಮಂಡ್ಯ ಸೀಮೆಯ ರೈತನ ಮಗ. ಗಾಡಿಗೆ ಹೊರೆ ತುಂಬುವಾಗ ನಮ್ಮ ತಂದೆ ಒಂದು ಮಾತು ಹೇಳುತ್ತಿದ್ದರು: ಹೊರೆ ಸ್ವಲ್ಪ ಮುಂಭಾರವಾಗಿರಬೇಕು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಪಟ್ಟಿ ಬಿಗಿಯುತ್ತದೆ. ತೀರಾ ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಗಾಡಿಯ ಮೂಕಿಗೆ ಅನ್ವಯವಾಗುವ ಈ ನಿಯಮವೇ ಟ್ರೈಲರಿಗೂ ಅನ್ವಯವಾಗುತ್ತದೆ. ಟ್ರೈಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಅದರ ಮೂಕಿಯ ಮೂಲಕ ಟ್ರಕ್ಕಿನ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಓಲಾಡುತ್ತದೆ. ನಾವು ಮಾಡಿದ್ದೂ ಅದೇ ತಪ್ಪು. ಬೈಸಿಕಲ್ಲುಗಳನ್ನು ಟ್ರೈಲರಿನ ಬೆನ್ನಿಗೆ ಕಟ್ಟಿದ್ದೆವು. ಹಿಂಭಾಗದಲ್ಲಿದ್ದ ತೊಟ್ಟಿಯನ್ನು ಮನೆಯಲ್ಲೇ ತುಂಬಿಸಿಕೊಂಡಿದ್ದೆವು.

ಮುಂದಿನ ಊರಿನ ಲಾರಿ ತಂಗುದಾಣದ ತೂಕದ ಕಾಟಾದ ಮೇಲೆ ವಾಹನ ನಿಲ್ಲಿಸಿ ಎಂದೆ. ಟ್ರೈಲರ್ ಕಟ್ಟಿಕೊಂಡು ಒಮ್ಮೆ, ಬಿಚ್ಚಿ ಒಮ್ಮೆ ಟ್ರಕ್ಕನ್ನು ತೂಗಿದರೆ ಮೂಕಿಭಾರ ಎಷ್ಟೆಂದು ತಿಳಿಯುತ್ತದೆ. ಕಾರ್ಖಾನೆಯ ಕರಪತ್ರದಲ್ಲಿ 1,450 ಕಿಲೊ ಇದ್ದ ಟ್ರೈಲರ್ ನೀರು, ಅನಿಲ, ಬ್ಯಾಟರಿ, ಪಾತ್ರೆ, ಹಾಸಿಗೆಗಳೊಂದಿಗೆ 1,800 ಕಿಲೊ ತೂಗಿತು. ಮೂಕಿಭಾರ ಶೇ 7 ಮಾತ್ರ. ಸಾಮಾನುಗಳನ್ನು ಮುಂದಕ್ಕೆ ಸರಿಸಿದರಾಯಿತು ಎಂದು ಮಗ ಹೇಳಿದ. ನಿಜವಾದ ತೊಡಕು ಕಾಣಿಸಿದ್ದು ಆಗಲೇ.

ಅಮೆರಿಕದಲ್ಲಿ ಮಾರಾಟವಾಗುವ ಇಂಥ ಪಿಕಪ್ಪಿನ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಚೀಟಿ ಅಂಟಿಸಿರುತ್ತಾರೆ. ಪ್ರಯಾಣಿಕರು ಮತ್ತು ಸರಕು ಸೇರಿ ಇಷ್ಟು ತೂಕವನ್ನು ಎಂದಿಗೂ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದು ಹೊರೆಮಿತಿ. ಮಗನ ಟ್ರಕ್ಕಿನ ಚೀಟಿಯಲ್ಲಿದ್ದದ್ದು 480 ಕಿಲೊ. ನಾವು ಐವರ ತೂಕವೇ 304 ಕಿಲೊ. ಟ್ರಕ್ಕಿಗೆ ಹೊದಿಸಿದ್ದ ಮುಚ್ಚಿಗೆ 70, ಕೊಂಡಿಯ ಸಲಕರಣೆ 35, ಸೌದೆ ಹಾಗೂ ಜನರೇಟರ್ 60. ಟ್ರೈಲರಿನ ಮೂಕಿಭಾರವನ್ನು ಶೇ 12ಕ್ಕೆ ಸರಿಪಡಿಸಿದರೆ ಅದೂ 216 ಕಿಲೊ. ಒಟ್ಟು 685. ಎಳೆತದ ಮಿತಿಯಲ್ಲಿ ಮೂರನೆಯ ಎರಡು ಭಾಗವನ್ನೂ ಮುಟ್ಟದೆ ಹೊರೆಮಿತಿಯನ್ನು 205 ಕಿಲೊ ಮೀರಿದ್ದೆವು! ಟ್ರೈಲರನ್ನು ಸ್ಥಿರಗೊಳಿಸಿದರೆ ಟ್ರಕ್ಕು ಬಳಲುತ್ತದೆ; ಟ್ರಕ್ಕನ್ನು ಹಗುರಗೊಳಿಸಲು ಭಾರವನ್ನು ಹಿಂದಕ್ಕೆ ಸರಿಸಿದರೆ ಟ್ರೈಲರ್ ಓಲಾಡುತ್ತದೆ. ಸಣ್ಣ ಟ್ರಕ್ಕಿನವರು ಅರಿಯದೆ ಸಿಕ್ಕಿಕೊಳ್ಳುವ ಇಕ್ಕಟ್ಟು ಇದೇ.

ಹಾಗಾದರೆ 2,900 ಎಂಬ ಸಂಖ್ಯೆ ಸುಳ್ಳೇ? ಸುಳ್ಳಲ್ಲ. ಒಂದು ಕಾಲಕ್ಕೆ ಪ್ರತಿ ತಯಾರಕರೂ ತಮ್ಮದೇ ವಿಧಾನದಲ್ಲಿ ಈ ಸಾಮರ್ಥ್ಯವನ್ನು ಘೋಷಿಸುತ್ತಿದ್ದರು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ, ಜೆ 2807 ಎಂಬ ಸಮಾನ ಮಾನದಂಡವನ್ನು ಪ್ರಕಟಿಸಿತು. ಅರಿಜೋನಾದ ಡೇವಿಸ್ ಡ್ಯಾಂ ಬಳಿಯ ಸುಮಾರು 18 ಕಿಲೊಮೀಟರ್ ಏರನ್ನು, ಸುಡುಬಿಸಿಲಿನ ತಾಪದಲ್ಲಿ, ಹವಾನಿಯಂತ್ರಕ ಚಾಲೂ ಇಟ್ಟುಕೊಂಡು ಗಂಟೆಗೆ 64 ಕಿಲೊಮೀಟರಿಗೆ ಕಡಿಮೆಯಾಗದ ವೇಗದಲ್ಲಿ ಹತ್ತಬೇಕೆಂಬುದು ಅದರ ಷರತ್ತುಗಳಲ್ಲೊಂದು. ಕಠಿಣ ಪರೀಕ್ಷೆಯೇ ಸರಿ. ಆದರೆ ಪರೀಕ್ಷೆಯ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಇರುವುದು ಚಾಲಕ ಮತ್ತು ಒಬ್ಬ ಸಹಪ್ರಯಾಣಿಕ, ತಲಾ 68 ಕಿಲೊ. ಅಜ್ಜ, ಅಜ್ಜಿ, ಮೊಮ್ಮಗ ಆ ಲೆಕ್ಕದಲ್ಲಿಲ್ಲ. ಜಾಹೀರಾತಿನಲ್ಲಿ ಮಾತ್ರ ಸಂಸಾರ ಸಮೇತರಾಗಿ ಬೆಟ್ಟ ಏರುವ ಚಿತ್ರವಿರುತ್ತದೆ.

ನನ್ನ ಆಕ್ಷೇಪ ಇರುವುದು ಇಲ್ಲಿ. ಎಳೆತದ ಸಂಖ್ಯೆ ದೊಡ್ಡ ಅಕ್ಷರಗಳಲ್ಲಿ, ಹೊರೆಮಿತಿ ಬಾಗಿಲ ಸಂದಿಯಲ್ಲಿ. ಮಾರುವವರು ಎರಡನ್ನೂ ಒಂದೇ ಗಾತ್ರದ ಅಕ್ಷರಗಳಲ್ಲಿ ಮುದ್ರಿಸಬೇಕು. ಜೋಡಿಸಿದ ಸಲಕರಣೆಗಳಿಗೆ ಅನುಗುಣವಾಗಿ ಹೊರೆಮಿತಿ ಟ್ರಕ್ಕಿನಿಂದ ಟ್ರಕ್ಕಿಗೆ ಬದಲಾಗುವುದು ನಿಜ. ಆದ್ದರಿಂದಲೇ, ಕೊಳ್ಳುವವನ ಸಹಿಗೆ ಮುನ್ನ ಆ ಚೀಟಿಯನ್ನು ತೋರಿಸುವುದು ಕಡ್ಡಾಯವಾಗಲಿ. ಇದಕ್ಕೆಲ್ಲ ದೊಡ್ಡ ಟ್ರಕ್ಕು ಕೊಳ್ಳುವುದೇ ಪರಿಹಾರ ಎಂಬ ವಾದವಿದೆ. ಅದು ಮಾರಾಟಗಾರನ ವಾದ. ವರ್ಷಕ್ಕೆ ನಾಲ್ಕು ಸಲದ ಪ್ರವಾಸಕ್ಕಾಗಿ ದಿನವೂ ಹೆಚ್ಚು ಇಂಧನ ಕುಡಿಯುವ ವಾಹನವನ್ನು ಸಾಕಬೇಕಿಲ್ಲ. ಟ್ರಕ್ಕು ಸಣ್ಣದಾಗಿರುವುದು ತಪ್ಪಲ್ಲ. ಅದನ್ನು ದೊಡ್ಡದೆಂದು ಭಾವಿಸುವುದು ತಪ್ಪು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಗಾಲಿಯ ಮೇಲಿನ ಹಾಸಿಗೆಗೂ ಸಲ್ಲುತ್ತದೆ.

ಇದು ಇಂದಿನ ಮೋಹವೇನೂ ಅಲ್ಲ. 1954ರಲ್ಲಿ ಹಾಲಿವುಡ್ಡು ‘ದಿ ಲಾಂಗ್, ಲಾಂಗ್ ಟ್ರೈಲರ್’ ಎಂಬ ಹಾಸ್ಯಚಿತ್ರ ತೆಗೆದಿತ್ತು. ಅದರಲ್ಲಿ ನವವಧು ಹೋದಲ್ಲೆಲ್ಲ ನೆನಪಿಗೆಂದು ಕಲ್ಲುಗಳನ್ನು ಕೂಡಿಡುತ್ತಾಳೆ. ಬೆಟ್ಟ ಹತ್ತುವ ಮುನ್ನ ಎಸೆಯೆಂದು ಗಂಡ ಹೇಳಿದರೂ ಬಚ್ಚಿಡುತ್ತಾಳೆ. ಪ್ರೇಕ್ಷಕರು ನಕ್ಕರು. ನಮ್ಮ ಟ್ರೈಲರಿನಲ್ಲಿದ್ದ ರುಬ್ಬುವ ಯಂತ್ರವೂ ಎರಡು ಚೀಲ ಅಕ್ಕಿಯೂ ಆ ಕಲ್ಲುಗಳ ಸಂತತಿಯೇ.

ನಮ್ಮಲ್ಲಿ ಪ್ರವಾಸಿ ಟ್ರೈಲರುಗಳು ವಿರಳ. ಆದರೆ ಎಳೆಯುವ ಬಲವನ್ನೇ ಹೊರುವ, ನಿಲ್ಲಿಸುವ ಬಲವೆಂದು ಭ್ರಮಿಸುವುದು ನಮಗೆ ಹೊಸದಲ್ಲ. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರು ಕಟ್ಟಿ, ಹಿಂದಿನ ಪ್ರತಿಫಲಕವೂ ಕಾಣದಂತೆ ಕಬ್ಬು ಪೇರಿಸಿ ರಾತ್ರಿ ಹೆದ್ದಾರಿಗೆ ಇಳಿಯುವುದನ್ನು ಮಂಡ್ಯದ ರಸ್ತೆಗಳಲ್ಲಿ ಕಂಡಿದ್ದೇನೆ. ಕಾರ್ಖಾನೆಯ ಕಾಟಾ ಅದನ್ನು ತೂಗುವುದು ಹಣಕ್ಕಾಗಿ, ಸುರಕ್ಷತೆಗಾಗಿ ಅಲ್ಲ.

ಹಿಂದಿರುಗುವಾಗ ನಾನು ಮತ್ತು ನನ್ನ ಹೆಂಡತಿ ಬಾಡಿಗೆ ಕಾರಿನಲ್ಲಿ ಬಂದೆವು. ಬೈಸಿಕಲ್ಲುಗಳನ್ನೂ ಅದಕ್ಕೇ ಕಟ್ಟಿದೆವು. ತೊಟ್ಟಿಯನ್ನು ಬರಿದು ಮಾಡಿದೆವು, ಸೌದೆ ಉರಿದುಹೋಗಿತ್ತು. ಮನೆ ಸೇರಿದ ಮೇಲೆ ಮಗ ಟ್ರಕ್ಕಿನ ಮುಚ್ಚಿಗೆಯನ್ನು ಬಿಚ್ಚಿಟ್ಟ. ನೀರು ಈಗ ಶಿಬಿರದಲ್ಲೇ ಸಿಗುತ್ತದೆ, ಸೌದೆ ಅಲ್ಲೇ ಕೊಳ್ಳುತ್ತಾರೆ. ಮೊನ್ನೆ ದೂರವಾಣಿಯಲ್ಲಿ ಮೊಮ್ಮಗ ಹೇಳಿದ, ‘ತಾತಾ, ಒಟ್ಟು 442 ಕಿಲೊ. ನಾನೇ ಕೂಡಿದೆ.’ ಹೊರಡುವ ಮುನ್ನ ಆ ಚೀಟಿಯನ್ನು ಓದುವ ಕೆಲಸ ಈಗ ಅವನದಂತೆ.