ಮಾಲು ಅಂಗಡಿಯಲ್ಲಿ, ದುಡ್ಡು ಎಲ್ಲಿ?

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಕಡೆ ರಾಗಿ ಹುರಿಹಿಟ್ಟು, ಚಟ್ನಿಪುಡಿ, ಆಲೂಗೆಡ್ಡೆ ಸಂಡಿಗೆ ಮಾಡಿ ಪ್ಯಾಕೆಟ್ ಕಟ್ಟಲು ಹೊರಟ ಹೆಂಗಸರಿಗೆ ಬುದ್ಧಿ ಹೇಳುವವರ ಬರವಿಲ್ಲ. ಸ್ವಸಹಾಯ ಸಂಘದ ಸಭೆಗೆ ಬಂದ ಅಧಿಕಾರಿ, ಹಬ್ಬಕ್ಕೆ ಬಂದ ಬೆಂಗಳೂರಿನ ಅಳಿಯ, ಬ್ಯಾಂಕಿನ ಮ್ಯಾನೇಜರು, ಎಲ್ಲರ ಬಳಿಯೂ ಒಂದೊಂದು ಮದ್ದಿದೆ. ರೋಗ ಯಾವುದೆಂದು ಮಾತ್ರ ಯಾರೂ ಕೇಳುವುದಿಲ್ಲ.

‘ರುಚಿ ಚೆನ್ನಾಗಿದ್ದರೆ ಮಾಲು ತಾನಾಗಿ ಓಡುತ್ತೆ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಅರ್ಧ ಕೆಜಿ ಹುರಿಹಿಟ್ಟಿನ ಪ್ಯಾಕೆಟ್ಟಿಗೆ ಎಂಆರ್‌ಪಿ 100 ರೂಪಾಯಿ, ರಾಗಿ, ಸೌದೆ, ಮಿಲ್ಲು, ಕವರು, ಆಟೋ ಎಲ್ಲ ಸೇರಿ ಖರ್ಚು 60, ಅಂಗಡಿಯವರ ಮಾರ್ಜಿನ್ 20 ಎಂದಿಟ್ಟುಕೊಳ್ಳಿ. ಮಾಡಿದವಳಿಗೆ ಉಳಿಯುವುದು 20. ಇಪ್ಪತ್ತು ಪ್ಯಾಕೆಟ್ ಕೊಟ್ಟು ಬಂದಳು, ಹದಿನೈದು ಹೋದವು, ಐದು ಎಕ್ಸ್‌ಪೈರಿ ಆಗಿ ವಾಪಸ್ ಬಂದವು. ಬಂದ ದುಡ್ಡು 1,200, ಹಾಕಿದ ದುಡ್ಡೂ 1,200. ನಡುವೆ ವಿತರಕನೊಬ್ಬ ಇದ್ದು ಇನ್ನೊಂದು ಹತ್ತು ರೂಪಾಯಿ ಅವನಿಗೆ ಹೋದರೆ, ಮೂರೇ ಪ್ಯಾಕೆಟ್ ವಾಪಸ್ ಬಂದರೂ ಕೈಯಿಂದ ಹತ್ತು ರೂಪಾಯಿ ಕಟ್ಟಬೇಕು. ಹದಿನೇಳು ಗಿರಾಕಿಗಳು ‘ಆಹಾ’ ಎಂದಿರುತ್ತಾರೆ, ಅದು ಬೇರೆ ಮಾತು. ಇದರ ಮೇಲೆ, ‘ಮಾರಾಟವಾದ ಮೇಲೆ ಕೊಡ್ತೀನಿ, ಮುಂದಿನ ತಿಂಗಳು ಬಾಮ್ಮ’ ಎನ್ನುವ ಅಂಗಡಿ. ಆ ತಿಂಗಳ ರಾಗಿಗೆ ದುಡ್ಡು ಎಲ್ಲಿಂದ ಬರಬೇಕು? ಸಂಘದ ಸಾಲದಿಂದ. ಅಂದರೆ ಪಟ್ಟಣದ ಅಂಗಡಿಗೆ ಬಂಡವಾಳ ಹಾಕುತ್ತಿರುವವಳು ಹಳ್ಳಿಯ ಹೆಂಗಸು.

ಇನ್ನು ಕೆಲವರು ಅವಳ ಪರವಾಗಿಯೇ, ‘ಲೈಸೆನ್ಸ್ ಕಾಟವೇ ಕೊಲ್ಲೋದು, ಅದನ್ನು ತೆಗೀರಿ’ ಎನ್ನುತ್ತಾರೆ. ಇದನ್ನೂ ನಾನು ಒಪ್ಪುವುದಿಲ್ಲ. ಇಂಥ ಸಣ್ಣ ವಹಿವಾಟಿನ ಆಹಾರ ಸುರಕ್ಷತಾ (ಎಫ್‌ಎಸ್‌ಎಸ್‌ಎಐ) ನೋಂದಣಿಗೆ ನಿಗದಿಯಾದ ಶುಲ್ಕ ವರ್ಷಕ್ಕೆ ನೂರು ರೂಪಾಯಿ. ಲೇಬಲ್ಲಿನ ಮೇಲೆ ತೂಕ, ತಾರೀಖು, ವಿಳಾಸ ಇರಲಿ ಎನ್ನುವುದು ತಿನ್ನುವವರ ಹಕ್ಕು. ಹಿಟ್ಟು, ಮೆಣಸಿನಪುಡಿಯಲ್ಲಿ ಕಲಬೆರಕೆ ನಡೆಯುವ ಕಾಲದಲ್ಲಿ ಆ ನೋಂದಣಿ ನಂಬರು ಪ್ರಾಮಾಣಿಕವಾಗಿ ಮಾಡುವವಳಿಗೇ ಬಲ.

‘ಸರ್ಕಾರ ಸಬ್ಸಿಡಿ ಕೊಡ್ತಿದೆಯಲ್ಲ?’ ಹೌದು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆಗೆ ಶೇ 35, ಗರಿಷ್ಠ 10 ಲಕ್ಷ ಸಹಾಯಧನವಿದೆ; ನಮ್ಮ ರಾಜ್ಯ ಅದರ ಮೇಲೆ ಶೇ 15 ಸೇರಿಸಿದೆ. ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲಧನವೂ ಉಂಟು. ಒಳ್ಳೆಯದೇ. ಆದರೆ ದೊಡ್ಡ ಮೊತ್ತ ಹೋಗುವುದು ಯಂತ್ರಕ್ಕೆ. ಗಂಟೆಗೆ ಒಂದು ಕ್ವಿಂಟಾಲ್ ಬೀಸುವ ಗಿರಣಿ ಬಂದ ಮಾತ್ರಕ್ಕೆ ಅಂಗಡಿಯವರು ಬೇಗ ದುಡ್ಡು ಕೊಡುವುದಿಲ್ಲ. ಹೆಚ್ಚು ಮಾಲು ಮಾಡಿದಷ್ಟೂ ಹೆಚ್ಚು ದುಡ್ಡು ಹೊರಗೆ ಸಿಕ್ಕಿಬೀಳುತ್ತದೆ, ಅಷ್ಟೆ. ಬ್ರ್ಯಾಂಡಿಂಗಿಗೆ ಶೇ 50 ನೆರವಿದೆ ಎನ್ನುವವರು, ಅದು ಸಂಘ, ಸಹಕಾರಿ, ರೈತ ಕಂಪನಿಯಂಥ ಗುಂಪುಗಳಿಗೆ ಮಾತ್ರ ಎಂಬ ಷರತ್ತನ್ನು ಹೇಳುವುದಿಲ್ಲ.

ಕಾನೂನು ಬಲ್ಲವರು 2006ರ ಎಂಎಸ್‌ಎಂಇ ಕಾಯ್ದೆಯನ್ನು ತೆಗೆಯುತ್ತಾರೆ: 45 ದಿನ ಮೀರಿ ಬಾಕಿ ಇಟ್ಟುಕೊಳ್ಳುವಂತಿಲ್ಲ, ಇಟ್ಟರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಓದಲು ಚೆಂದ. ‘ಮಾರಾಟವಾದರೆ ದುಡ್ಡು’ ಎಂಬ ಒಪ್ಪಂದದಲ್ಲಿ ಮಾಲು ಮಾರಾಟವಾಗುವವರೆಗೂ ಅವಳದೇ, ಹಾಗಾಗಿ ಅಲ್ಲಿಯವರೆಗೆ ಎಣಿಸಲು ದಿನವೇ ಹುಟ್ಟುವುದಿಲ್ಲ. ಬಿಲ್ಲೇ ಇದ್ದರೂ, ಊರಲ್ಲಿ ತನ್ನ ಪ್ಯಾಕೆಟ್ ಇಟ್ಟುಕೊಳ್ಳುವ ಎರಡೇ ಅಂಗಡಿಯಲ್ಲಿ ಒಂದರ ಮೇಲೆ ದೂರು ಕೊಟ್ಟು ನಾಳೆ ಎಲ್ಲಿಗೆ ಹೋಗಬೇಕು?

ಅಳಿಯನ ಮದ್ದು ಆನ್‌ಲೈನ್. 2023ರ ಅಕ್ಟೋಬರ್‌ನಿಂದ ಸಣ್ಣವರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ರಾಜ್ಯದೊಳಗೆ ಆನ್‌ಲೈನಿನಲ್ಲಿ ಮಾರಬಹುದು, ನಿಜ. ನೂರು ರೂಪಾಯಿಯ ಹಿಟ್ಟಿಗೆ ಕೊರಿಯರ್ ಚಾರ್ಜು ಎಷ್ಟೆಂದು ಅಳಿಯಂದಿರೇ ಹೇಳಲಿ.

ಕೊನೆಗೆ ಬರುವುದು ಪ್ಯಾಕೆಟ್ಟಿನಲ್ಲಿ ಇಡ್ಲಿ-ದೋಸೆ ಹಿಟ್ಟು ಮಾರುವ ಐಡಿ ಕಂಪನಿಯ ಕತೆ. 2005ರಲ್ಲಿ ಬೆಂಗಳೂರಿನ ಒಂದು ಪುಟ್ಟ ಕೋಣೆಯಲ್ಲಿ ಶುರುವಾಯಿತು, ಇವರಿಗೇಕೆ ಆಗದು ಎಂದು. ಆ ಕತೆಯಲ್ಲಿ ಬಿಟ್ಟುಹೋಗುವ ಸಾಲೊಂದಿದೆ: ಅದನ್ನು ಕಟ್ಟಿದ ಬಂಧುಗಳಿಗೆ ಮೊದಲೇ ಒಂದು ಕಿರಾಣಿ ಅಂಗಡಿಯಿತ್ತು. ಗಿರಾಕಿ ಏನು ಕೇಳುತ್ತಾನೆ, ಯಾವುದು ಉಳಿಯುತ್ತದೆ ಎಂಬುದು ಅಲ್ಲಿ ಕಣ್ಣೆದುರಿಗೇ ಇತ್ತು. ಹರದನಹಳ್ಳಿಯವಳ ಬಳಿ ಇರುವುದು ಕೋಣೆ, ಅಂಗಡಿಯಲ್ಲ. ‘ಮಾಜಿ ಪ್ರಧಾನಿ ಹುಟ್ಟಿದ ಊರು, ಹೆಸರೇ ಬ್ರ್ಯಾಂಡು’ ಎಂದೂ ಹೇಳುತ್ತಾರೆ. ದೇವೇಗೌಡರ ಇನಿಷಿಯಲ್ಲಿನಲ್ಲಿ ಊರು ದೆಹಲಿಗೆ ಹೋಗಿಬಂತು. ಹುರಿಹಿಟ್ಟು ಹಾಸನದ ಅಂಗಡಿಯಲ್ಲಿ ಜಾಗ ಹಿಡಿಯಲು ಅದು ಸಾಲದು.

ಇಷ್ಟಾದರೂ ‘ಇವರಿಗೆ ವ್ಯಾಪಾರ ಬರೋಲ್ಲ’ ಎನ್ನುವವರು ಬೆಳಿಗ್ಗೆ ಹಳ್ಳಿಯ ಡೈರಿಯ ಮುಂದೆ ನಿಂತು ನೋಡಲಿ. ಅದೇ ಹೆಂಗಸು ಕ್ಯಾನು ಹಿಡಿದು ಬರುತ್ತಾಳೆ. ಹಾಲಿನ ಡಿಗ್ರಿ ನೋಡುತ್ತಾರೆ, ಲೀಟರ್ ಬರೆದುಕೊಳ್ಳುತ್ತಾರೆ, ಬಟವಾಡೆಯ ದಿನ ಖಾತೆಗೆ ದುಡ್ಡು ಬೀಳುತ್ತದೆ. ಅವಳು ಮಾರ್ಕೆಟಿಂಗ್ ಕಲಿತಿದ್ದಾಳೆಯೇ ಎಂದು ಯಾರೂ ಕೇಳಿಲ್ಲ, ಏಕೆಂದರೆ ಆ ಕೆಲಸ ಹಾಲು ಒಕ್ಕೂಟದ್ದು. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗೆ ಚಾಚಿಕೊಂಡ ಒಕ್ಕೂಟ ನಮ್ಮಲ್ಲೇ ಇದೆ, ಊರೂರಿಗೆ ನಂದಿನಿ ಮಳಿಗೆಯಿದೆ. ಅವುಗಳಲ್ಲಿ ಒಂದು ಅಡಿ ಜಾಗವನ್ನು ಈ ಪ್ಯಾಕೆಟ್ಟುಗಳಿಗೆ ಬಿಟ್ಟು, ಮಾಲು ಇಳಿಸಿದ ದಿನವೇ ದುಡ್ಡು ಕೊಡಲು ಒಂದು ಸಣ್ಣ ನಿಧಿಯನ್ನು ಜಿಲ್ಲಾ ಪಂಚಾಯಿತಿ ಇಡಬಹುದು. ಮಾರಾಟವಾಗದೆ ಉಳಿದರೆ ನಷ್ಟ ಯಾರಿಗೆ ಎಂದು ಕೇಳುವವರಿದ್ದಾರೆ. ಮೊದಲು ಕಡಿಮೆ ತರಿಸಿ, ಓಡಿದ್ದನ್ನು ಮತ್ತೆ ತರಿಸಿ, ಓಡದ್ದನ್ನು ನಿಲ್ಲಿಸಿ. ಹಾಲು ಹೆಚ್ಚಾದಾಗ ಒಕ್ಕೂಟ ಪುಡಿ ಮಾಡಿ ಇಟ್ಟುಕೊಂಡು ಹೊರೆಯನ್ನು ತಾನೇ ಹೊರುತ್ತದೆ; ಕ್ಯಾನನ್ನು ಅವಳ ಮನೆಗೆ ವಾಪಸ್ ಕಳಿಸುವುದಿಲ್ಲ.