ಕಾಗದದ ಕಲ್ಯಾಣ

ಕಳೆದ ತಿಂಗಳು ಮಠದ ಶಿವಾನುಭವ ಗೋಷ್ಠಿ ಮುಗಿಸಿ ದಾಸೋಹಕ್ಕೆ ಕುಳಿತಿದ್ದೆ. ಪರಿಚಯದ ತಾಯಿಯೊಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: “ಅಣ್ಣಾರ, ಮಗ ಅಮೆರಿಕಾಕ್ಕ ಹೋಗಿ ಹತ್ತ ವರ್ಷಾತು. ಗ್ರೀನ್ ಕಾರ್ಡ್ ಪಾಳಿ ಇನ್ನೂ ಬಂದಿಲ್ಲ. ಅಲ್ಲಿ ಹುಡುಗಿ ಜೋಡಿ ಬರೇ ಕಾಗದದ ಮ್ಯಾಲೆ ಲಗ್ನ ಆದ್ರ ಲಗೂನ ಸಿಗತೈತಂತ. ತಪ್ಪೇನ್ರಿ?”

ತಪ್ಪು ಎಂದೆ. ಆದರೆ ಆ ತಾಯಿಯ ಸಂಕಟ ಸುಳ್ಳಲ್ಲ. ನೌಕರಿಯ ಮೂಲಕ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿಯಿದೆ. ಭಾರತದಲ್ಲಿ ಹುಟ್ಟಿದವರ ಸಾಲು ಬಹಳ ಉದ್ದ. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನಗಳಲ್ಲಿ ಬೇರೆ ದಾರಿ ಹುಡುಕಬೇಕು. ಅಲ್ಲಿಯ ಪ್ರಜೆಯನ್ನು ಮದುವೆಯಾದವರಿಗೆ ಮಾತ್ರ ಈ ಮಿತಿಯೇ ಇಲ್ಲ. ಕಾರ್ಡು ಬಂದರೆ ಯಾವ ಕಂಪನಿಯಲ್ಲಾದರೂ ದುಡಿಯಬಹುದು. ಆಸೆ ಹುಟ್ಟುವುದು ಇಲ್ಲಿಯೇ.

ಆದರೆ ಕಾಯ್ದೆ ಕಣ್ಣು ಮುಚ್ಚಿಕೊಂಡಿಲ್ಲ. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಮೊದಲು ಎರಡು ವರ್ಷದ ಷರತ್ತಿನ ಕಾರ್ಡನ್ನಷ್ಟೇ ಕೊಡಬೇಕೆಂದು 1986ರಲ್ಲೇ ನಿಯಮವಾಗಿದೆ. ಅವಧಿ ಮುಗಿಯುವ ಮುನ್ನ ಗಂಡ-ಹೆಂಡತಿ ಕೂಡಿಯೇ ಅರ್ಜಿ ಹಾಕಿ, ತಮ್ಮ ಸಂಸಾರ ನಿಜವೆಂದು ತೋರಿಸಬೇಕು. ಸುಳ್ಳು ಮದುವೆಗೆ 5 ವರ್ಷದವರೆಗೆ ಜೈಲು, 2,50,000 ಡಾಲರಿನವರೆಗೆ ದಂಡ ಆಗಬಹುದು. ಮುಂದೆ ನಿಜವಾದ ಮದುವೆಯಾದರೂ ಆ ದಾರಿಯಲ್ಲಿ ಗ್ರೀನ್ ಕಾರ್ಡು ಸಿಗುವುದಿಲ್ಲ.

ಶಿಕ್ಷೆಯ ಭಯಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಒಬ್ಬರ ಬದುಕುವ ಹಕ್ಕು ಇನ್ನೊಬ್ಬರ ಸಹಿಯಲ್ಲಿ ಸಿಕ್ಕಿಕೊಂಡಾಗ ಸತಿ-ಪತಿ ಸಮಾನತೆ ಎಲ್ಲಿ ಉಳಿಯಿತು? “ಅರ್ಜಿ ವಾಪಸ್ ತೆಗೆಯುತ್ತೇನೆ” ಎಂಬ ಒಂದೇ ಮಾತಿಗೆ ಹೆದರಿ ಹೊಡೆತ ತಿನ್ನುವವರಿದ್ದಾರೆ. ಅಂಥವರು ಸಂಗಾತಿಯ ಸಹಿಯಿಲ್ಲದೆ ತಾವೇ ಅರ್ಜಿ ಹಾಕಬಹುದೆಂದು 1994ರ ಕಾಯ್ದೆ ಹೇಳುತ್ತದೆ. ನಿಜವಾಗಿ ಮದುವೆಯಾಗಿ ಹಿಂಸೆ ಅನುಭವಿಸುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿರಲೇಬೇಕು.

ಇಷ್ಟು ಹೇಳಿ ಆ ತಾಯಿಯನ್ನು ಕಳಿಸಿದೆ. ಮನೆಗೆ ಬಂದು ನಮ್ಮ ವಧು-ವರ ಪಟ್ಟಿ ತಿರುವಿದಾಗ ನಾಚಿಕೆಯಾಯಿತು. “ಗ್ರೀನ್ ಕಾರ್ಡ್ ಇರುವ ವರ ಬೇಕು, ನಮ್ಮ ಒಳಪಂಗಡದವರೇ ಆಗಿರಬೇಕು.” ಹುಡುಗನ ಗುಣ ಕೇಳುವ ಮುಂಚೆ ಕಾರ್ಡು ಕೇಳುವ ನಾವು, ಆ ಹುಡುಗನಿಗೆ ಮಾತ್ರ ಬುದ್ಧಿ ಹೇಳುವುದೇ? ಇವೆರಡರ ನಡುವೆ ಕಾಯ್ದೆಗೆ ವ್ಯತ್ಯಾಸ ಕಾಣಬಹುದು. ಅಂತರಂಗಕ್ಕೆ ಕಾಣದು.

ಅದೇ ಹುಡುಗ ನಾಳೆ ಅಲ್ಲಿಯ ಹುಡುಗಿಯನ್ನು ನಿಜವಾಗಿ ಮೆಚ್ಚಿ ಮನೆಗೆ ಕರೆತಂದರೆ? ಮಧುವರಸ-ಹರಳಯ್ಯರ ಮಕ್ಕಳ ಮದುವೆಯನ್ನು ವೇದಿಕೆಯ ಮೇಲೆ ಕೊಂಡಾಡುವವರು ಅಂದು ಬಾಗಿಲು ಹಾಕಿಕೊಳ್ಳಬಾರದು. ಮರುದಿನ ಆ ತಾಯಿಗೆ ಫೋನು ಮಾಡಿ ಇಷ್ಟೇ ಹೇಳಿದೆ: “ತಾಯಿ, ಒಲಿದ ಹುಡುಗಿ ಯಾವ ದೇಶದವಳಾದರೂ ಇರಲಿ, ಸೊಸೆ ಅಂತ ಕರಕೊಳ್ರಿ. ಒಲವಿಲ್ಲದ ಲಗ್ನ ಮಾತ್ರ ಬ್ಯಾಡ.”