ಹೆಸರಘಟ್ಟದ ಬೆಳ್ಳಿಗೆರೆ

ಅಪರೂಪದ ಚಿಟ್ಟೆಯನ್ನು ಕಾಣಬೇಕಾದರೆ ಬೆಟ್ಟವನ್ನೇ ಹತ್ತಬೇಕೆಂದು ನಾವು ಬಹುಕಾಲ ನಂಬಿದ್ದೆವು. ಯಲಹಂಕದವರಿಗೆ ಬೆಟ್ಟವೆಂದರೆ ನಂದಿ. 1,478 ಮೀಟರ್ ಎತ್ತರದ ಆ ಗಿರಿಯನ್ನು ಮೊಮ್ಮಗನೊಡನೆ ಮೂರು ಸಲ ಏರಿ, ಅವನ ಕ್ಯಾಮರಾವನ್ನೂ ನಮ್ಮ ಮಂಡಿನೋವನ್ನೂ ಹೊತ್ತುಕೊಂಡು ಹಿಂತಿರುಗಿದೆವು. ನಾವು ಅರಸುತ್ತಿದ್ದ 'ಲಿಲಾಕ್ ಸಿಲ್ವರ್‌ಲೈನ್' ಗಿರಿಶಿಖರದ ನಿವಾಸಿಯಲ್ಲವೆಂದೂ, ನಮಗೆ ಸಮೀಪದ ಹೆಸರಘಟ್ಟದ ಹುಲ್ಲುಬಯಲೇ ಅದರ ನೆಲೆಯೆಂದೂ ಆಮೇಲೆ ತಿಳಿಯಿತು.

ಈ ಜಾತಿಯನ್ನು 1884ರಲ್ಲಿ ಫ್ರೆಡರಿಕ್ ಮೂರ್ ಎಂಬ ಆಂಗ್ಲ ವಿದ್ವಾಂಸರು ವರ್ಣಿಸಿದರು. ದಕ್ಷಿಣದಲ್ಲಿ ಇದು ಬಹಳ ವಿರಳ. ಗಾತ್ರದಲ್ಲಿ ಅಂಗುಲಕ್ಕಿಂತ ತುಸು ಹೆಚ್ಚು. ರೆಕ್ಕೆಯ ಕೆಳಮೈಯಲ್ಲಿ ಅಕ್ಕಸಾಲಿಗನು ಎಳೆದಂತಹ ಬೆಳ್ಳಿಯ ಗೆರೆಗಳು. ಹಿಂದಿನ ರೆಕ್ಕೆಯ ತುದಿಯಲ್ಲಿ ಎಳೆಯಂತಹ ಬಾಲಗಳಿದ್ದು, ಶತ್ರುವಿಗೆ ಅದೇ ತಲೆಯೆಂಬ ಭ್ರಾಂತಿ ಹುಟ್ಟುತ್ತದೆ. ಹಕ್ಕಿಯು ಬಾಲವನ್ನು ಕುಕ್ಕುವಷ್ಟರಲ್ಲಿ ಚಿಟ್ಟೆಯು ಪಾರಾಗುತ್ತದೆ. ಇದರ ಬಳಗದ ಕಂಬಳಿಹುಳುಗಳು ಇರುವೆಗಳಿಗೆ ಸಿಹಿರಸವನ್ನಿತ್ತು, ಅವುಗಳಿಂದ ಕಾವಲನ್ನು ಪಡೆಯುತ್ತವೆ.

ಒಂದು ಭಾನುವಾರ ಬಿಸಿಲೇರುವ ಮುನ್ನವೇ ಬಯಲಿನಲ್ಲಿದ್ದೆವು. ಸಂಸ್ಕೃತದಲ್ಲಿ 'ಪತಂಗ'ವೆಂದರೆ ಸೂರ್ಯನೂ ಹೌದು, ಹಾರುವ ಕೀಟವೂ ಹೌದು. ಒಂದರ ಉದಯಕ್ಕೆ ಇನ್ನೊಂದು ಕಾದಿರುವುದನ್ನು ಅಂದು ಕಂಡೆವು. ಬಿಸಿಲು ತಾಗಿದೊಡನೆ ಹುಲ್ಲಿನ ತೆನೆಯೊಂದರ ಮೇಲೆ ಬೆಳ್ಳಿ ಮಿನುಗಿತು. ಹುಡುಗನು ನೆಲಕ್ಕೆ ಮೈಯಾನಿಸಿ ಮೆಲ್ಲನೆ ಸರಿಯುತ್ತಿದ್ದನು. ನಾವು ಅಭ್ಯಾಸಬಲದಿಂದ ಬೆತ್ತವನ್ನು ಚಾಚಿ, “ಅಗೋ, ಮಗು!” ಎಂದೆವು. “ತಾತ, ನೆರಳು!” ಎಂದು ಅವನು ಪಿಸುಗುಟ್ಟುವಷ್ಟರಲ್ಲಿ ಚಿಟ್ಟೆ ಹಾರಿತ್ತು. ನಲವತ್ತು ವರ್ಷ ಮಕ್ಕಳಿಗೆ ಸುಮ್ಮನಿರಲು ಹೇಳಿಕೊಟ್ಟ ನಾವು, ಮುಂದಿನ ಎರಡು ಗಂಟೆ ಸುಮ್ಮನೆ ಕುಳಿತೆವು. ಅದು ಮರಳಿ ಬಂದು ಕುಳಿತಿತು, ಚಿತ್ರವೊಂದು ದೊರೆಯಿತು.

ಹಿಂತಿರುಗುವಾಗ ಬೇರೊಂದು ನೆನಪು ನಮ್ಮನ್ನು ಚುಚ್ಚಿತು. ಉಪಾಧ್ಯಾಯರಾಗಿದ್ದಾಗ ವನಮಹೋತ್ಸವದ ದಿನ ಇಂತಹದೇ ಒಂದು ಬಯಲಿಗೆ ಮಕ್ಕಳನ್ನು ಕರೆದೊಯ್ದು, “ಈ ಬಂಜರನ್ನು ಹಸುರು ಮಾಡಿರಿ” ಎಂದು ಗುಂಡಿಗಳನ್ನು ತೋಡಿಸಿದ್ದೆವು. ಮರ ನೆಡುವುದು ಪುಣ್ಯವೇ. ಆದರೆ ಹುಲ್ಲುಬಯಲು ಬಂಜರಲ್ಲ. ಮರದ ನೆರಳು ಬಿದ್ದಲ್ಲಿ ಬಿಸಿಲನ್ನು ಬಯಸುವ ಹುಲ್ಲು ಸೊರಗುತ್ತದೆ, ಅದನ್ನು ನಂಬಿದ ಜೀವಿಗಳೂ ನೆಲೆ ತಪ್ಪುತ್ತವೆ. ಬೆತ್ತದ ನೆರಳಿಗೆ ಹಾರಿದ ಚಿಟ್ಟೆ ಮರಳಿತು; ಆ ನೆರಳಿಗೆ ಹೋದದ್ದು ಮರಳುವುದೇ? 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರನ್ನೊದಗಿಸಲು ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಗೂ ಈ ಬಯಲಿನ ಮಳೆನೀರೇ ಹರಿದು ಸೇರತಕ್ಕದ್ದು.

ಈ ಬಯಲನ್ನು ಸಂರಕ್ಷಿತ ಪ್ರದೇಶವಾಗಿಸುವ ಸೂಚನೆಯನ್ನು ರಾಜ್ಯ ವನ್ಯಜೀವಿ ಮಂಡಲಿಯು 2021ರಲ್ಲಿ ತಳ್ಳಿಹಾಕಿ, 2024ರಲ್ಲಿ 5,000 ಎಕರೆಗೂ ಮಿಕ್ಕ ಪ್ರದೇಶಕ್ಕೆ ಸಮ್ಮತಿಯಿತ್ತಿತು. ತಪ್ಪನ್ನು ತಿದ್ದಿಕೊಳ್ಳುವುದು ಸರ್ಕಾರಕ್ಕೆ ಸಾಧ್ಯವಾದರೆ ಮುದುಕ ಮೇಷ್ಟರಿಗೂ ಸಾಧ್ಯವಾಗಬೇಕಷ್ಟೆ.

ವಾಚಕರು ಮಕ್ಕಳೊಡನೆ ಹೋಗುವುದಾದರೆ ಕಾಲುದಾರಿಯನ್ನು ಬಿಡಬೇಡಿರಿ, ಚಿಟ್ಟೆಯನ್ನು ಹಿಡಿಯಬೇಡಿರಿ, ಚಿತ್ರವೊಂದೇ ಸಾಕು. ಯಾವ ತೆನೆಯ ಬಳಿ ನಮಗೆ ಅದು ಕಂಡಿತೆಂದು ಮಾತ್ರ ಕೇಳಬೇಡಿರಿ. ಮೊಮ್ಮಗನಿಗೆ ಮಾತು ಕೊಟ್ಟಿದ್ದೇವೆ.